ಡಚೆಸ್ ಉಣ್ಣದ ಚಳಿಗಾಲ

ಚಾರ್ಟರ್ಸ್ ಟವರ್ಸ್
ಭಾನುವಾರ, ಸೆಪ್ಟೆಂಬರ್ 21, 2025

ಪ್ರೀತಿಯ ಗ್ಲೆನಿಸ್,

ನಿನ್ನ ಮೂರು ಕಾಗದಗಳೂ ಎದುರಿಗಿವೆ. ಮೊದಲನೆಯದು ಮೇ ತಿಂಗಳಲ್ಲಿ, ಲಿಂಡ್ಸೆಯನ್ನು ಮಣ್ಣುಮಾಡಿ ಬಂದ ವಾರ ತಲುಪಿದ್ದು. ಮೂರನೆಯದರಲ್ಲಿ, ಬದುಕಿದ್ದೀಯೋ ಇಲ್ಲವೋ ಅಷ್ಟಾದರೂ ತಿಳಿಸು ಎಂದು ಬೈದಿದ್ದೀಯೆ. ಬದುಕಿದ್ದೇನೆ ಕಣೇ. ಇಷ್ಟು ತಡಮಾಡಿ ಕ್ಷಮೆ ಕೇಳಲು ಮುಖವಿಲ್ಲ, ಆದರೂ ಕೇಳುತ್ತೇನೆ. ಅಲ್ಲಿ ಟಾಸ್ಮೇನಿಯಾದ ಚಳಿಗೆ ನಿನ್ನ ಮಂಡಿ ಏನಂತು? ಇಲ್ಲಿ ಚಳಿ ಬಂದದ್ದೂ ಹೋದದ್ದೂ ಗೊತ್ತಾಗಲಿಲ್ಲ. ಮಾವಿನ ಮರ ಆಗಲೇ ಮಿಡಿ ಕಚ್ಚಿದೆ.

ಇಷ್ಟು ದಿನ ಏನು ಮಾಡುತ್ತಿದ್ದೆ ಎಂದರೆ ನಗುತ್ತೀಯೆ. ಹಾವು ಸಾಕುತ್ತಿದ್ದೆ. ಲಿಂಡ್ಸೆಯನ್ನು ಮದುವೆಯಾದ ಮೂವತ್ತೇಳು ವರ್ಷವೂ ಅವನ ಹಾವುಗಳಿದ್ದ ಹಿಂದಿನ ಕೋಣೆಯ ಹೊಸ್ತಿಲು ದಾಟದ ನಾನು.

ಲಿಂಡ್ಸೆ ಬಿಟ್ಟುಹೋದದ್ದು ಮೂರು ಹೆಬ್ಬಾವು. ಸಾರ್ಜೆಂಟ್, ಬಿಸ್ಕತ್ತು, ಮತ್ತೆ ಇಪ್ಪತ್ತೆರಡು ವರ್ಷದ ಮುದುಕಿ, ಕರಿತಲೆಯ ಡಚೆಸ್. ಜೊತೆಗೆ ಒಂದು ಕಪಾಟಿನ ತುಂಬ ನೋಟುಪುಸ್ತಕ. ತಿಂದದ್ದು, ಪೊರೆ ಬಿಟ್ಟದ್ದು, ಹೇತದ್ದು, ತೂಕ, ಗೂಡಿನ ಬಿಸಿ, ಎಲ್ಲಕ್ಕೂ ಅವನ ಪುಟ್ಟ ನೆಟ್ಟನೆಯ ಅಕ್ಷರದಲ್ಲಿ ಒಂದೊಂದು ಸಾಲು. ಪರವಾನಗಿ ಇರುವವರು ಪುಸ್ತಕ ಇಡಲೇಬೇಕು. ಹಾವುಗಳನ್ನು ಬೇರೆಯವರಿಗೆ ಕೊಡುವವರೆಗೆ ನಾನು ಬರೆಯುತ್ತಿದ್ದರೆ ಸಾಕು ಎಂದರು ಪರವಾನಗಿ ಕಚೇರಿಯವರು. ಬರೆದೆ. ಹೇಗೆ ಬರೆದೆ ಕೇಳು. ಬಾಗಿಲಲ್ಲಿ ನಿಂತು ಉದ್ದನೆಯ ಇಕ್ಕಳದಲ್ಲಿ ಇಲಿ ಒಳಗೆ ಹಾಕುವುದು, ನೀರು ಸುರಿಯುವುದು, 'ಎಲ್ಲ ಸರಿಯಾಗಿದೆ' ಎಂದು ಗೀಚಿ ಓಡುವುದು. ಮೂರು ವಾರ ಹೀಗೇ ನಡೆಯಿತು.

ಒಂದು ದಿನ ಬಿಸ್ಕತ್ತು ಗಾಜಿಗೆ ಮುಖ ಉಜ್ಜುತ್ತಲೇ ಇತ್ತು. ಹತ್ತಿರ ಹೋಗಿ ನೋಡಿದರೆ ಹಳೆಯ ಪೊರೆ ಕಣ್ಣಿನ ಮೇಲೆ ಒಣಗಿ ಅಂಟಿಕೊಂಡಿತ್ತು. ಜೆಸಿಂತಾ ಎಂಬ ಹೊಸ ಪಶುವೈದ್ಯೆ, ಇನ್ನೂ ಮೂವತ್ತಾಗದ ಹುಡುಗಿ, ಮನೆಗೇ ಬಂದು ಅರ್ಧ ಗಂಟೆ ಕೂತು ಅದನ್ನು ಬಿಡಿಸಿದಳು. ಆಮೇಲೆ ಪುಸ್ತಕ ತೆಗೆದು ನನ್ನ ಸಾಲುಗಳನ್ನು ಓದಿದಳು.

"ಇದನ್ನ ನೋಡಿದ್ರೆ ಹಾವಿಗೆ ಏನೂ ಆಗಿಲ್ಲ ವರ್ನಾ. ಕಣ್ಣು ನೋಡಿದ್ರೆ ಬೇರೆ ಹೇಳುತ್ತೆ. ನಾನು ಯಾವುದನ್ನ ನಂಬಲಿ?"

ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಅವಳು ನಿಜವಾಗಿಯೂ ಕೇಳುತ್ತಿದ್ದಳು. ಬಿಸ್ಕತ್ತಿನ ಬಲಗಣ್ಣು ಈಗಲೂ ಮಬ್ಬು. ಅವಳು ಹೋದ ಮೇಲೆ ಆ ಮೂರು ವಾರದ ಸಾಲುಗಳನ್ನೆಲ್ಲ ಹೊಡೆದುಹಾಕಿ, ಪಕ್ಕದಲ್ಲಿ 'ಇದು ಸುಳ್ಳು. ನೋಡದೆ ಬರೆದದ್ದು' ಎಂದು ಬರೆದು ಸಹಿ ಹಾಕಿದೆ. ಇನ್ನು ಮೇಲೆ ಕಣ್ಣಾರೆ ಕಂಡದ್ದನ್ನು ಬಿಟ್ಟು ಒಂದಕ್ಷರ ಬರೆಯುವುದಿಲ್ಲ ಎಂದು ಅವತ್ತೇ ಗಟ್ಟಿಮಾಡಿಕೊಂಡೆ. ಕಾಣಬೇಕಾದರೆ ಹೊಸ್ತಿಲು ದಾಟಬೇಕಲ್ಲ, ದಾಟಿದೆ.

ಜುಲೈನಲ್ಲಿ ಹಾವು ಸಾಕುವವರ ಸಂಘದ ಮರ್ರಿ ಟಾಂಕಿನ್ ಹಾವುಗಳನ್ನು ಒಯ್ಯಲು ಬಂದ. ಲಿಂಡ್ಸೆಯ ಹಳೆಯ ಗೆಳೆಯ, ನಿನಗೆ ನೆನಪಿರಬಹುದು, ಕೂತರೆ ಕುರ್ಚಿ ಅಳುವಷ್ಟು ದಪ್ಪ. ಫ್ರೀಜರಿನಲ್ಲಿ ಬಟಾಣಿ ಪೊಟ್ಟಣದ ಪಕ್ಕ ಇಲಿ ಕಂಡು, ನಿಮ್ಮನೇಲಿ ಊಟಕ್ಕೆ ನಿಲ್ಲಲ್ಲಮ್ಮ ಎಂದು ನಕ್ಕ. ಡಚೆಸ್ಸನ್ನು ನೋಡಿದ ಮೇಲೆ ನಗಲಿಲ್ಲ. ಮೇ ಮೊದಲ ವಾರದಿಂದ ಅದು ಒಂದು ಇಲಿಯನ್ನೂ ಮುಟ್ಟಿರಲಿಲ್ಲ. ವಯಸ್ಸಾಯಿತು, ಯಜಮಾನ ಹೋದ ಮೇಲೆ ಜೀವದ ಆಸೆ ಬಿಟ್ಟಿದೆ, ಒಂದು ಸೂಜಿ ಚುಚ್ಚಿಸಿ ಬಿಡುಗಡೆ ಮಾಡುವುದೇ ಪುಣ್ಯ, ಉಳಿದೆರಡನ್ನು ತಾನು ಒಯ್ಯುತ್ತೇನೆ ಎಂದ. ಹೂಂ ಎನ್ನುವುದರಲ್ಲಿದ್ದೆ. ಅಷ್ಟರಲ್ಲಿ ಹೋದ ವರ್ಷ ಏನು ತಿಂದಿತ್ತು ನೋಡೋಣ ಎನಿಸಿ ಒಂದು ಪುಸ್ತಕ ತೆಗೆದೆ. ಆಮೇಲೆ ಅದರ ಹಿಂದಿನದು. ಮರ್ರಿ ಚಹಾ ಆರಿಸಿಕೊಂಡು ಕೂತೇ ಇದ್ದ. ಹನ್ನೊಂದು ವರ್ಷದ ಪುಸ್ತಕ ನೋಡಿದೆ ಗ್ಲೆನಿಸ್. ಪ್ರತಿವರ್ಷವೂ ಡಚೆಸ್ ಚಳಿ ಶುರುವಾಗುವ ಮೇ ಹೊತ್ತಿಗೆ ಬಾಯಿ ಮುಚ್ಚುತ್ತದೆ, ಚಳಿ ಕಳೆದ ಮೇಲೆ ಸೆಪ್ಟೆಂಬರಿನಲ್ಲಿ ತೆರೆಯುತ್ತದೆ. ಬೇಗ ಎಂದರೆ ಎರಡನೇ ತಾರೀಕು, ತಡ ಎಂದರೆ ಹತ್ತೊಂಬತ್ತು.

"ಪುಸ್ತಕ ಓದಿ ಹಾವು ಸಾಕಕ್ಕಾಗಲ್ಲ ತಾಯಿ" ಎಂದ ಮರ್ರಿ.

"ಓದದೆ ಕೊಲ್ಲಕ್ಕೂ ಆಗಲ್ಲ" ಎಂದೆ. "ಮೂರೂ ಇಲ್ಲೇ ಇರ್ತವೆ. ನೀನು ಚಹಾ ಕುಡಿ."

ಸಿಟ್ಟುಮಾಡಿಕೊಂಡು ಹೋದ. ನಾನು ಜೆಸಿಂತಾಳ ಹತ್ತಿರ ಮಾತಾಡಿದೆ. ಅವಳು, ತೂಕ ನಾಲ್ಕು ಕಿಲೋಗಿಂತ ಕೆಳಗಿಳಿದರೆ ಆಟ ಬೇರೆ, ಆಗ ಹಟ ಮಾಡಬಾರದು ಎಂದಳು. ಹಾಗಾದರೆ ಸೂಜಿಗೆ ನಾನೇ ಎತ್ತಿಕೊಂಡು ಬರುತ್ತೇನೆ ಎಂದು ಮಾತು ಕೊಟ್ಟೆ.

ಎತ್ತಿಕೊಳ್ಳುವುದನ್ನು ಮೊದಲು ಕಲಿಯಬೇಕಿತ್ತಲ್ಲ. ಮೊದಲ ಭಾನುವಾರ ಡಚೆಸ್ಸಿನ ಗೂಡಿನ ಮುಂದೆ ಒಂದು ಗಂಟೆ ನಿಂತಿದ್ದೆ. ಕೈ ಹಾಕಿದಾಗ ತಿಳಿಯಿತು, ಒದ್ದೆಯೂ ಅಲ್ಲ, ಜಾರುವುದೂ ಇಲ್ಲ, ಒಣಗಿಸಿ ಇಸ್ತ್ರಿ ಮಾಡಿದ ಬಟ್ಟೆಯ ಹಾಗಿದೆ. ದಿಂಬಿನ ಚೀಲಕ್ಕೆ ಇಳಿಸಿ, ಪೆಟ್ಟಿಗೆ ತೂಗುವ ಕೊಕ್ಕೆತಕ್ಕಡಿಗೆ ನೇತುಹಾಕಿದೆ. ನಾಲ್ಕು ಕಿಲೋ ಮುನ್ನೂರ ಹತ್ತು ಗ್ರಾಂ. 'ಬುಸುಗುಟ್ಟಿತು. ನಾನೂ' ಎಂದು ಬರೆದೆ.

ಆಮೇಲೆ ಪ್ರತಿ ಭಾನುವಾರ ಅದೇ ಕೆಲಸ. ಮುದುಕಿ ಮೆಲ್ಲಮೆಲ್ಲಗೆ ಇಳಿಯುತ್ತಾ ಬಂತು. ಆಗಸ್ಟ್ ಮುಗಿಯುವಾಗ ನಾಲ್ಕು ಕಿಲೋ ನೂರ ಐವತ್ತು. ಸೆಪ್ಟೆಂಬರ್ ಏಳಕ್ಕೆ ನಾಲ್ಕು ಕಿಲೋ ಎಂಬತ್ತು, ಇಲಿ ಇಟ್ಟರೆ ಮುಖ ತಿರುಗಿಸಿತು. ಹದಿನಾಲ್ಕಕ್ಕೆ ನಾಲ್ಕು ಕಿಲೋ ಇಪ್ಪತ್ತು. ಅವತ್ತು ತಕ್ಕಡಿಯ ಅಂಕಿಯನ್ನು ಮೂರು ಸಲ ನೋಡಿದೆ. ಇಪ್ಪತ್ತರ ಬದಲು ನೂರು ಎಂದು ಬರೆದರೆ ಕೇಳುವವರು ಯಾರು ಎಂದೂ ಒಂದು ಕ್ಷಣ ಅನ್ನಿಸಿತು, ನಿನಗೆ ಮಾತ್ರ ಹೇಳುತ್ತಿದ್ದೇನೆ. ಇಪ್ಪತ್ತು ಎಂದೇ ಬರೆದೆ. ಮರುದಿನ ಜೆಸಿಂತಾಳಿಗೆ ಫೋನು ಮಾಡಿ, ಮುಂದಿನ ಸೋಮವಾರಕ್ಕೆ ಸಮಯ ಇಟ್ಟುಕೊಂಡಿರು ಎಂದೆ.

ಗುರುವಾರ ಬೆಳಿಗ್ಗೆ ಡಚೆಸ್ ತಾನಾಗಿ ಬಾಗಿಲ ಹತ್ತಿರ ಬಂದು ತಲೆಯೆತ್ತಿ ಕೂತಿತ್ತು. ಬೆಚ್ಚಗೆ ಮಾಡಿದ ಇಲಿಯನ್ನು ಹಿಡಿದೆ. ನಾನು ರೆಪ್ಪೆ ಬಡಿಯುವುದರೊಳಗೆ ಇಕ್ಕಳ ಖಾಲಿ. ಪೂರ್ತಿ ನುಂಗುವವರೆಗೂ ಕೂತು ನೋಡಿದೆ, ಹದಿನೇಳು ನಿಮಿಷ. ಆಮೇಲೆ ನೆಲದ ಮೇಲೇ ಕೂತು ಅತ್ತೆ, ಅದನ್ನು ಪುಸ್ತಕದಲ್ಲಿ ಬರೆಯಲಿಲ್ಲ.

ಮರ್ರಿಗೆ ತಿಳಿಸಿದೆ. ಅವನು, ಪರವಾನಗಿ ನಿನ್ನ ಹೆಸರಿಗೆ ಮಾಡಿಸು, ಸಾಕಲು ಬರುತ್ತದೆ ಎಂಬ ಕಾಗದಕ್ಕೆ ತಾನೇ ಸಹಿ ಹಾಕುತ್ತೇನೆ ಎಂದ. ನಿನ್ನೆ ಬಂದು ಹಾಕಿ, ಊಟಕ್ಕೂ ನಿಂತ.

ನಿನ್ನ ಮಂಡಿ ಬೇಗ ವಾಸಿಯಾಗಲಿ, ನಿನ್ನ ಒಲೆ ಆರದಿರಲಿ, ನಿನ್ನ ಮೊಮ್ಮಕ್ಕಳು ನಿನ್ನ ಮಾತು ಕೇಳುವಂತಾಗಲಿ. ಕೊನೆಯದು ಕಷ್ಟ, ಆದರೂ ಹರಸುತ್ತೇನೆ.

ಎಂದೂ ನಿನ್ನವಳಾದ
ವರ್ನಾ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಗೆ ತಳ್ಳಿದ್ದು. ಡಚೆಸ್ಸಿನ ಪುಸ್ತಕಗಳ ಹಿಂದೆ 1994ರದ್ದೂ ಸಿಕ್ಕಿತು, ನಮ್ಮ ಆರು ವರ್ಷದ ಕೆರಿನ್ ಜ್ವರದಲ್ಲಿ ಹೋದ ವರ್ಷದ್ದು. ಮಗುವನ್ನು ಮಣ್ಣುಮಾಡಿ ಬಂದ ಮಧ್ಯಾಹ್ನವೇ ಲಿಂಡ್ಸೆ ಆ ಪುಸ್ತಕ ತೆರೆದು ಕೂತಿದ್ದ. ಅದನ್ನು ನೋಡಿ ನಾನು ಅವನಿಗೆ, ನಿನ್ನ ಮೈಯಲ್ಲೂ ಹಾವುಗಳದೇ ತಣ್ಣನೆ ರಕ್ತ ಹರಿಯುತ್ತಿದೆ ಎಂದೆ. ನೀನು ಅಲ್ಲೇ ಪಾತ್ರೆ ತೊಳೆಯುತ್ತಿದ್ದೆ. ಆ ಪುಟ ಈಗ ಓದಿದೆ. ಹಾವುಗಳ ಸಾಲಿನ ಕೆಳಗೆ ಇನ್ನೊಂದು ಸಾಲು ಎಳೆದು ನನ್ನ ಹೆಸರಿನ 'ವ' ಬರೆದಿದ್ದಾನೆ. 'ಬೆಳಿಗ್ಗೆ ಏನೂ ಇಲ್ಲ. ಸಂಜೆ ಅರ್ಧ ಬಟ್ಟಲು ಸೂಪು. ಮಾತಿಲ್ಲ.' ಹೀಗೆ ಏಳು ತಿಂಗಳು, ಒಂದು ದಿನವೂ ಬಿಟ್ಟಿಲ್ಲ. ಕೊನೆಯ ಸಾಲು ಮರುವರ್ಷದ ಮಾರ್ಚಿನದು: 'ಇಡೀ ಮೊಟ್ಟೆ ತಿಂದಳು. ನನ್ನ ಮೇಲೆ ರೇಗಿದಳು.' ಆಮೇಲೆ ಹಾವುಗಳು ಮಾತ್ರ. ಮೂವತ್ತೊಂದು ವರ್ಷದಲ್ಲಿ ಆ ಮಾತನ್ನು ನಾನು ವಾಪಸು ತೆಗೆದುಕೊಳ್ಳಲಿಲ್ಲ, ಗ್ಲೆನಿಸ್. ಅವತ್ತು ಅವನು ಎದ್ದು ಅಂಗಳಕ್ಕೆ ಹೋದಾಗ ನೀನು ಹಿಂದೆಯೇ ಹೋದೆಯಲ್ಲ, ನಿನ್ನ ಹತ್ತಿರ ಏನು ಹೇಳಿದ? ನನಗೆ ನೋವಾಗುತ್ತದೆಂದು ತಿದ್ದಬೇಡ. ಕೇಳಿದ್ದನ್ನು ಕೇಳಿದ ಹಾಗೇ ಬರೆ.