ದೀಪದ ಗೂಡಿನ ಮಸಿ

ಮಸ್ಕಿ, ೧೯೪೪

ನೀಲವ್ವಾ,

ನೀನು ತೀರಿಕೊಂಡ ಮನೆಯೆಂದು ಕೊಳ್ಳುವವರೆಲ್ಲ ಹಿಂದೇಟು ಹಾಕಿದರು. ನನಗೋ ಹೈದರಾಬಾದಿಗೆ ವರ್ಗವಾಗಿದೆ, ಮಾರದೆ ಹೋಗುವಂತಿಲ್ಲ. ದಲಾಲಿ ಬಾಲಪ್ಪನ ಮಾತು ಕೇಳಿ ಗೋಡೆಗೆ ಸುಣ್ಣ, ಬಾಗಿಲಿಗೆ ಬಣ್ಣ ಬಳಿಸಿದೆ. ನೀನು ದೀಪವಿಡುತ್ತಿದ್ದ ಗೂಡಿನ ಮಸಿ ಮಾತ್ರ ಎಷ್ಟು ಬಳಿದರೂ ಮತ್ತೆ ಮೂಡಿತು.

"ನಿಮ್ಮ ಮನಿಯವ್ರು ಇನ್ನೂ ಖಾಲಿ ಮಾಡಿಲ್ಲ ಬಿಡ್ರಿ," ಎಂದ ಬಾಲಪ್ಪ. ನಾನೂ ನಕ್ಕೆ.

ಇವತ್ತು ಲಿಂಗಸುಗೂರಿನ ಅರಳೆ ವ್ಯಾಪಾರಿಯೊಬ್ಬರು ಹೆಂಡತಿಯೊಡನೆ ಬಂದಿದ್ದರು. ಆಕೆ ಸುಣ್ಣ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಆ ಮಸಿಯನ್ನು ಬೆರಳಿನಿಂದ ಮುಟ್ಟಿ ಗಂಡನಿಗೆ, "ದಿನಾ ದೀಪ ಹಚ್ಚ್ಯಾರ ನೋಡ್ರಿ ಈ ಮನ್ಯಾಗ. ಇದನ್ನ ತಗೊಳ್ಳೂಣು," ಎಂದಳು.

ಅಮಾವಾಸ್ಯೆ ಕಳೆದ ಮೇಲೆ ಬರುತ್ತಾರೆ. ಇನ್ನು ಆ ಗೂಡಿನಲ್ಲಿ ಆಕೆಯ ದೀಪ.

ನಿನಗೆ ಹೈದರಾಬಾದಿನ ದಾರಿ ಗೊತ್ತಿಲ್ಲವಲ್ಲ.