ಮಠದ ಗೋಡೆಯ ಪಕ್ಕದ ಹೇಜಲ್

ಮೇ 9, ಗುರುವಾರ

ಫೆಬ್ರವರಿಯಿಂದ ಮನಸ್ಸು ಕೊರೆಯುತ್ತಿದ್ದದ್ದು ಇವತ್ತಿಗೆ ಮುಗಿಯಿತು. ಕಾಡಂಚಿನ ಪಾಳು ಕ್ರೈಸ್ತ ಮಠದ ಗೋಡೆಯ ಪಕ್ಕ ಇರುವ ಮುದಿ ಹೇಜಲ್ ಗಿಡವನ್ನು ಆಗ ಬುಡಕ್ಕೆ ಕಡಿದವಳು ನಾನು. ಕಡಿದರೆ ಹೊಸದಾಗಿ ಚಿಗುರುತ್ತದೆ, ನಿಜ. ಆದರೆ ಬುಡಕ್ಕೆ ಮುಳ್ಳುಕಂಟಿ ಹೊದಿಸದಿದ್ದರೆ ಜಿಂಕೆಗಳು ಒಂದು ಚಿಗುರನ್ನೂ ಉಳಿಸುವುದಿಲ್ಲ. ನಾನು ಅದನ್ನೇ ಮರೆತೆ. ಮರುದಿನವೇ ಸೊಂಟ ಹಿಡಿದು ಹಾಸಿಗೆ ಸೇರಿದೆ. ಈ ಕಾಡಿನ ಕೆಲಸ ಕಲಿಸಿದ ಕ್ಲೆಮೆಂಟ್‌ಗೆ ಹೇಳಲು ನಾಚಿಕೆಯಾಗಿ ಸುಮ್ಮನಿದ್ದೆ.

ಇವತ್ತು ಕೋಲೂರಿಕೊಂಡು ಹೋದೆ. ಕಾಡಿನ ತುಂಬ ನೀಲಿ ಹೂ. ಬುಡದ ಮೇಲೆ ಒಣಗಿದ ಕಂಟಿ, ಅದರ ಮೇಲೆ ಹೊಸದಾಗಿ ಕಡಿದು ತಂದ ಕಂಟಿ. ಒಳಗೆ ಗೇಣುದ್ದದ ಚಿಗುರುಗಳು. ಅಲ್ಲೇ ಕೂತು ಅತ್ತೆ.

ವಾಪಸು ಬರುವಾಗ ಕ್ಲೆಮೆಂಟ್ ಚರ್ಚಿನ ಬೆಂಚಿನ ಮೇಲೆ ಕೂತಿದ್ದರು. ಎಂಬತ್ತೆರಡು ವಯಸ್ಸು, ಎರಡೂ ಮಂಡಿ ಸವೆದಿವೆ.

"ಕಂಟಿ ಹೊದಿಸಿದ್ದು ನೀವೇ ಅಲ್ವಾ?"

"ನೀನೇ ಹೊದಿಸಿದ್ದು, ಹೆಸ್ಟರ್."

"ನಾನು ಮರೆತಿದ್ದೆ."

"ಹಾಗಾದ್ರೆ ಮಠದ ಸನ್ಯಾಸಿಗಳಿರಬೇಕು. ಅವರು ಸತ್ತು ಐನೂರು ವರ್ಷ ಆಯ್ತು, ಬೇರೇನು ಕೆಲಸ ಇರುತ್ತೆ? ಫ್ಲಾಸ್ಕಲ್ಲಿ ಟೀ ಉಳಿದಿದ್ಯಾ?"

ಬಗ್ಗಿಸಿ ಕೊಟ್ಟೆ. ಲೋಟ ಹಿಡಿದ ಕೈಯ ಮೇಲೆಲ್ಲ ಮುಳ್ಳು ಗೀರಿದ ಹಸಿ ಗಾಯ.

"ಸನ್ಯಾಸಿಗಳಿಗೆ ತುಂಬಾ ಉಪಕಾರ ಆಯ್ತು ಅಂತ ಹೇಳಿ," ಅಂದೆ.

ಅವರು ಟೀ ಕುಡಿದು ಮುಗಿಸಿ, "ಸಿಕ್ಕಿದಾಗ ಹೇಳ್ತೀನಿ," ಅಂದರು.