ನಮ್ಮ ಬೀದಿಯ ಮತಗಟ್ಟೆಗೆ ಬೀಗ ಹಾಕುವ ಮುನ್ನ

ಮತಗಟ್ಟೆಗಳನ್ನು ತೆರೆಯುವ, ಮುಚ್ಚುವ ಸಕಲ ಅಧಿಕಾರವನ್ನೂ ಹೊಂದಿರುವ ಮಾನ್ಯ ಚುನಾವಣಾಧಿಕಾರಿಗಳೇ,

ನಮ್ಮ ಬೀದಿಯ ಶಾಲೆಯಲ್ಲಿರುವ ಮತಗಟ್ಟೆಯನ್ನು ರದ್ದುಮಾಡಿ, ಸೇತುವೆಯಾಚೆಯ ಗ್ರಂಥಾಲಯದ ಎರಡನೇ ಮಹಡಿಯ ಮತಗಟ್ಟೆಗೆ ಸೇರಿಸುವ ತಮ್ಮ ಆದೇಶವನ್ನು ಶಾಲೆಯ ಗೇಟಿನ ಮೇಲೆ ಅಂಟಿಸಿದ್ದು ಕಂಡು, ನಿಂತಲ್ಲೇ ಎರಡು ಸಲ ಓದಿದೆ. ಆರುನೂರ ನಲವತ್ತು ಮತದಾರರಲ್ಲಿ ಮತ ಹಾಕಿದವರು ಇಪ್ಪತ್ಮೂರು ಜನ ಎಂಬುದು ತಾವು ಕೊಟ್ಟ ಕಾರಣ. ಅದು ನಿಜ, ಒಪ್ಪಿದೆ. ಆದರೆ ಅದರ ಕೆಳಗೆ ‘ವಿದ್ಯಾವಂತ ಬಡಾವಣೆಯ ರಾಜಕೀಯ ನಿರಾಸಕ್ತಿ’ ಎಂದು ಷರಾ ಬರೆದಿದ್ದೀರಲ್ಲ, ಅದನ್ನು ಮಾತ್ರ ಒಪ್ಪಲಾರೆ. ನಿರಾಸಕ್ತಿಯೇ ಸ್ವಾಮಿ? ನಮಗೆಯೇ?

ನಾನು ಈ ಬೀದಿಯ ಹಲ್ಲಿನ ಡಾಕ್ಟರು. ಇಪ್ಪತ್ತಾರು ವರ್ಷಗಳಿಂದ ಇಲ್ಲಿನ ಬಾಯಿಗಳನ್ನು ಒಳಗಿನಿಂದ ಬಲ್ಲವನು. ಯಾರು ಬಕೆಟ್ ಗುರುತಿನ ಪಕ್ಷದವರು, ಯಾರು ಗಂಟೆ ಗುರುತಿನವರು ಎಂದು ತಿಳಿಯಲು ಪತ್ರಿಕೆಯವರು ಸಮೀಕ್ಷೆ ಮಾಡಿಸುತ್ತಾರೆ. ನನಗೆ ಅವರು ಕುರ್ಚಿಯಲ್ಲಿ ಕೂತು ಬಾಯಿ ತೆರೆಯುವ ಮುಂಚೆ ಆಡುವ ಎರಡು ಮಾತು ಸಾಕು. ನಾನು ಬಕೆಟ್‌ನವನು. ಗಂಟೆಯವರು ಯಾರಾದರೂ ವಾದ ಶುರುಮಾಡಿದರೆ ಬಾಯಿಗೆ ಹತ್ತಿ ತುರುಕಿ ನನ್ನ ವಾದವನ್ನು ಪೂರ್ತಿ ಮಂಡಿಸುತ್ತೇನೆ. ಇವತ್ತಿನವರೆಗೆ ಒಬ್ಬರೂ ನನಗೆ ಎದುರಾಡಿಲ್ಲ. ಒಬ್ಬರನ್ನು ಬಿಟ್ಟು. ಅವಳು ನನ್ನ ಹೆಂಡತಿ. ಗಂಟೆಯವಳು, ಹಲ್ಲುಗಳು ಬೇರೆ ಗಟ್ಟಿ. ಮನೆಯಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯುತ್ತದೆ. ಎತ್ತು ಯಾರೆಂಬ ವಿಷಯದಲ್ಲೂ ನಮಗೆ ಒಮ್ಮತವಿಲ್ಲ.

ಚುನಾವಣೆಗೆ ಹದಿನೈದು ದಿನ ಮುಂಚೆ ಗಣಿತದ ನಿವೃತ್ತ ಮೇಷ್ಟ್ರು ದವಡೆ ಹಿಡಿದುಕೊಂಡು ಬಂದರು. ನಾನೂ ಹೆಂಡತಿಯೂ ವೇಟಿಂಗ್ ರೂಮಿನಲ್ಲೇ ಕಿತ್ತಾಡುತ್ತಿದ್ದೆವು. ಮೇಷ್ಟ್ರು ನೋವಿನಲ್ಲೂ ಪಾಠ ಬಿಡಲಿಲ್ಲ.

“ಡಾಕ್ಟ್ರೇ, ನಿಮ್ಮದೊಂದು ವೋಟು ಆ ಕಡೆ, ಇವರದೊಂದು ಈ ಕಡೆ. ಎರಡೂ ಕಡೆ ಒಂದೊಂದು ತೆಗೆದುಬಿಟ್ರೆ ಉತ್ತರ ಬದಲಾಗುತ್ತಾ?”

“ಇಲ್ಲ,” ಅಂದೆ.

“ಮತ್ತೆ ಬಿಸಿಲಲ್ಲಿ ಸಾಲು ನಿಲ್ಲೋ ಕರ್ಮ ಯಾಕೆ? ಇಬ್ಬರೂ ಮನೇಲಿರಿ.”

ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮದುವೆಯಾದ ಮೇಲೆ ಇಬ್ಬರೂ ಒಪ್ಪಿದ ಮೊದಲ ಮಾತು ಅದು. ಸಂತೋಷಕ್ಕೆ ಮೇಷ್ಟ್ರ ಹಲ್ಲನ್ನು ಪುಕ್ಕಟೆಯಾಗಿ ಕಿತ್ತುಕೊಟ್ಟೆ.

ಸುದ್ದಿ ಹಬ್ಬಲು ಎಷ್ಟು ಹೊತ್ತು? ವಾರದೊಳಗೆ ನನ್ನ ಅಪಾಯಿಂಟ್‌ಮೆಂಟ್ ಪುಸ್ತಕದ ಹಿಂದಿನ ಪುಟಗಳಲ್ಲಿ ಬಕೆಟ್‌ಗೊಂದು ಗಂಟೆಯಂತೆ ಜೋಡಿಗಳ ಪಟ್ಟಿ ಬೆಳೆಯಿತು. ಬೇಕರಿಯವನಿಗೆ ವಿಮಾ ಏಜೆಂಟು. ಮೇಲಿನ ಮನೆಯ ಅತ್ತೆಗೆ ಅವರ ಸ್ವಂತ ಸೊಸೆ, ಆ ಜೋಡಿಗೆ ನಾನು ಹುಡುಕಬೇಕಾಗಿಯೂ ಇರಲಿಲ್ಲ. ಕೊನೆಯಲ್ಲಿ ಗಂಟೆಯವರು ಕಡಿಮೆಬಿದ್ದು, ಪಕ್ಕದ ಬೀದಿಯಿಂದ ಇಬ್ಬರನ್ನು ಗೋಗರೆದು ತಂದೆವು.

ಇನ್ನು ಮತದಾನದ ದಿನದ ವಿಷಯ. ಜೋಡಿಯೇನೋ ಆಯಿತು, ನಂಬಿಕೆ ಎಲ್ಲಿಂದ ತರುವುದು? ಒಬ್ಬ ಕಣ್ಣು ತಪ್ಪಿಸಿ ಹೋಗಿ ವೋಟು ಹಾಕಿಬಂದರೆ? ಆದ್ದರಿಂದ ಬೆಳಗ್ಗೆ ಏಳರಿಂದ ಸಂಜೆ ಆರರವರೆಗೆ ಇಡೀ ಬಡಾವಣೆ ತಂತಮ್ಮ ಜೋಡಿಯ ಎದುರು ಕುರ್ಚಿ ಹಾಕಿಕೊಂಡು ಕಾವಲು ಕೂತಿತು. ಬೇಕರಿಯವನು ವಿಮಾ ಏಜೆಂಟನ ಜಗಲಿಯಲ್ಲಿ ಹನ್ನೊಂದು ಗಂಟೆ ಕೂತು, ಎದ್ದು ಬರುವಾಗ ಎರಡು ಪಾಲಿಸಿ ಮಾಡಿಸಿದ್ದ. ನಾನು ಬಚ್ಚಲಿಗೆ ಹೋದರೆ ನನ್ನ ಹೆಂಡತಿ ಬಾಗಿಲ ಹೊರಗೆ ನಿಂತು, “ಕಿಟಕಿ ಚಿಕ್ಕದಿದೆ, ನೆನಪಿರಲಿ” ಅನ್ನುತ್ತಿದ್ದಳು. ತಮ್ಮ ಸಿಬ್ಬಂದಿ ಶಾಲೆಯಲ್ಲಿ ನೊಣ ಹೊಡೆಯುತ್ತಾ ಕೂತಿದ್ದರಂತೆ. ಸಾಲಿರಲಿಲ್ಲ. ಹೋಗಿದ್ದರೆ ನಾಲ್ಕು ನಿಮಿಷದ ಕೆಲಸ. ನಿರಾಸಕ್ತರು ಹೀಗೆ ಹನ್ನೊಂದು ಗಂಟೆ ಕಾವಲು ಕೂರುತ್ತಾರೆಯೇ? ತಾವೇ ಹೇಳಬೇಕು.

ಫಲಿತಾಂಶ ತಮಗೆ ಗೊತ್ತೇ ಇದೆ. ನಮ್ಮ ಮತಗಟ್ಟೆಯಲ್ಲಿ ಬಕೆಟ್‌ಗೆ ಏಳು, ಗಂಟೆಗೆ ಏಳು. ಮೇಷ್ಟ್ರು ಇದನ್ನು ಕೇಳಿ, “ನೋಡಿದ್ರಾ, ಸಮ ಬಂತು” ಎಂದು ಬೀಗಿದರು. ಬಾಚಣಿಗೆ ಗುರುತಿನ ಪಕ್ಷೇತರನಿಗೆ ಒಂಬತ್ತು. ಆ ಬೊಕ್ಕತಲೆಯ ಮನುಷ್ಯ ಸ್ಪರ್ಧಿಸಿದ್ದೇ ನಮಗ್ಯಾರಿಗೂ ಗೊತ್ತಿರಲಿಲ್ಲ. ಈಗ ನಮ್ಮ ಬೀದಿಯನ್ನು ‘ನನ್ನ ಭದ್ರಕೋಟೆ’ ಎನ್ನುತ್ತಾ ವಾರಕ್ಕೊಮ್ಮೆ ಕೈಮುಗಿದುಕೊಂಡು ಬರುತ್ತಾನೆ. “ಮೂರನೆಯವನನ್ನ ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ” ಎಂದು ಮೇಷ್ಟ್ರು ಮೊನ್ನೆ ಒಪ್ಪಿಕೊಂಡರು. ಮುಂದಿನ ಹಲ್ಲಿಗೆ ಅವರಿಂದ ಪೂರ್ತಿ ಫೀಸು ತೆಗೆದುಕೊಳ್ಳುತ್ತೇನೆ.

ಇಷ್ಟೂ ನಮ್ಮ ಮೂರ್ಖತನ, ಅನುಭವಿಸುತ್ತೇವೆ. ಆದರೆ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಬಡವಾದದ್ದು ನನ್ನ ಎಂಬತ್ತೊಂದು ವರ್ಷದ ಅಮ್ಮ. ಆ ಇಪ್ಪತ್ಮೂರು ಜನರಲ್ಲಿ ಅವಳೊಬ್ಬಳು. ಯಾರ ಕಡೆ ಎಂದು ಅವಳು ಬಾಯಿಬಿಡದ್ದರಿಂದ ಅವಳಿಗೆ ಜೋಡಿ ಹುಡುಕಲು ನನ್ನಿಂದ ಆಗಲಿಲ್ಲ. ನಾನೂ ಹೆಂಡತಿಯೂ ಎದುರುಬದುರು ಕೂತಿದ್ದಾಗ ಅವಳು ಒಳ್ಳೆಯ ಸೀರೆಯುಟ್ಟು, ಕೋಲು ಹಿಡಿದು, ನಮ್ಮ ನಡುವಿನಿಂದಲೇ ಹೊರಟಳು. ನಾವು ಕಾಲು ಮಡಚಿ ದಾರಿ ಬಿಟ್ಟೆವು.

ತಮ್ಮ ಆದೇಶದ ಸುದ್ದಿ ಹೇಳಿದಾಗ ಅಮ್ಮ, “ಎರಡು ಮಹಡಿ ನನ್ನ ಮಂಡಿಗೆ ಆಗಲ್ಲಪ್ಪ” ಅಂದಳು. ವಯಸ್ಸಾದವರ ವೋಟನ್ನು ಮನೆಗೇ ಬಂದು ಹಾಕಿಸಿಕೊಳ್ಳುತ್ತಾರಂತೆ ಅಂದೆ. ಬೇಡ ಅಂದಳು. ನಾನು ಸಮಾಧಾನ ಮಾಡಲು ಹೋಗಿ, “ಹೋಗ್ಲಿ ಬಿಡಮ್ಮ, ಒಂದು ವೋಟಿಗೆ ಇನ್ನೊಂದು ವಜಾ” ಎಂದುಬಿಟ್ಟೆ.

“ಅದನ್ನ ನನಗೆ ಹೇಳ್ಕೊಡ್ತೀಯಾ? ನಿಮ್ಮಪ್ಪ ಒಂದು ಕಡೆ, ನಾನು ಇನ್ನೊಂದು ಕಡೆ. ನಲವತ್ತು ವರ್ಷ ವಜಾನೇ ಆಯ್ತು. ಇಬ್ಬರಿಗೂ ಗೊತ್ತಿತ್ತು. ಆದ್ರೂ ಪ್ರತಿ ಸಲ ಒಟ್ಟಿಗೇ ಹೋಗ್ತಿದ್ವಿ. ಯಾವಾಗ್ಲೂ ಹತ್ತು ಹೆಜ್ಜೆ ಮುಂದೆ ನಡೆಯೋ ಮನುಷ್ಯ, ಅವತ್ತೊಂದು ದಿನ ಶಾಲೆವರೆಗೂ ನನ್ನ ಪಕ್ಕದಲ್ಲೇ ನಡೀತಿದ್ರು. ಈ ಸಲವೂ ಆ ದಾರಿಯಲ್ಲೇ ಹೋಗಿಬಂದೆ.”

ನನ್ನ ಹೆಂಡತಿ ಎದ್ದು ಒಳಗೆ ಹೋದಳು. ನನಗೆ ಬಹಳ ನಾಚಿಕೆಯಾಯಿತು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ: ಆದೇಶವನ್ನು ಹಿಂತೆಗೆದುಕೊಳ್ಳಿ. ಮತಗಟ್ಟೆ ಆ ಶಾಲೆಯಲ್ಲೇ, ಆ ನೆಲಮಹಡಿಯಲ್ಲೇ ಇರಲಿ. ಜೋಡಿಗಳ ಪಟ್ಟಿಯನ್ನು ಹರಿದುಹಾಕಿದ್ದೇನೆ. ಮುಂದಿನ ಸಲ ನನ್ನ ಬಕೆಟ್ಟು ಹೆಂಡತಿಯ ಗಂಟೆಯನ್ನು ವಜಾ ಮಾಡಲಿ, ಅವಳ ಗಂಟೆ ನನ್ನ ಬಕೆಟ್ಟನ್ನು ವಜಾ ಮಾಡಲಿ. ಆದರೆ ಶಾಲೆಯ ತನಕ ಇಬ್ಬರೂ ನಡೆದೇ ಹೋಗುತ್ತೇವೆ, ಅಮ್ಮನನ್ನು ನಡುವೆ ಇಟ್ಟುಕೊಂಡು, ಅವಳ ಹೆಜ್ಜೆಗೆ ಹೆಜ್ಜೆ ಹಾಕಿಕೊಂಡು.

ಇಂತಿ,
ಬೆರಳಿಗೆ ಶಾಯಿಯಿಲ್ಲದ್ದು ರೋಗಿಗಳಿಗೆ ಕಾಣದಿರಲೆಂದು ಚಹಾ ಕುಡಿಯುವಾಗಲೂ ಕೈಗವಸು ತೆಗೆಯದ,
ತಮ್ಮ ಹಲ್ಲಿನ ಡಾಕ್ಟರು